ಮನೆಯವರೇ ಬಂದು ಹೇಳಬೇಕು

ಮೈಕಿನ ಕಾಕಾ ಹೋದರು ಎಂಬ ಸುದ್ದಿ ನನಗೆ ಫೋನಿನಲ್ಲಿ ಬಂತು. ಹುನಗುಂದದಿಂದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಹಳ್ಳಿ. ಆ ಹಳ್ಳಿಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೋ ಹಾಕಿ ಕೆಳಗೆ ಕೈಮುಗಿದ ಚಿತ್ರ ಇಟ್ಟಿದ್ದರು. ನಾನು ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಆಗಷ್ಟೇ ಎದ್ದು ಚಹಾಕ್ಕೆ ನೀರಿಟ್ಟಿದ್ದೆ. ಫೋಟೋದಲ್ಲಿ ಕಾಕಾ ಬಾಯಿ ಮುಚ್ಚಿಕೊಂಡು ಕೂತಿದ್ದರು. ಆ ದನಿಯಿಲ್ಲದೆ ಅವರನ್ನು ನೆನೆದು ಅಭ್ಯಾಸವಿಲ್ಲ, ಹಾಗಾಗಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಗುರುತು ಸಿಕ್ಕ ಮೇಲೆ ಒಲೆ ಆರಿಸಿ ಅಲ್ಲೇ ಅಡುಗೆಮನೆಯಲ್ಲಿ ಕೂತೆ.

ಅವರ ಹೆಸರು ಬರೆಯುವುದಿಲ್ಲ. ಆ ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸಣ್ಣವರಿಗೂ ಮುದುಕರಿಗೂ ಅವರು ಕಾಕಾ. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡಿದವರು. ಯಾವ ಓಣಿಗೆ ಯಾವಾಗ ನೀರು ಬರುತ್ತದೆಂದು ಹೇಳುವುದಕ್ಕೆ ಹಣಮಪ್ಪನ ಗುಡಿಯ ಮೈಕು ಹಿಡಿದರಂತೆ. ನೀರಿನ ಬೆನ್ನಿಗೆ ಒಂದೊಂದಾಗಿ ಊರಿನ ಸುದ್ದಿಗಳೆಲ್ಲ ಬಂದು ಸೇರಿಕೊಂಡವು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅವರು ನೌಕರಿಯಿಂದ ನಿವೃತ್ತರಾಗಿ, ನೀರು ಬಿಡಲು ಬೇರೊಬ್ಬ ಬಂದಿದ್ದ. ಮೈಕು ಮಾತ್ರ ಅವರ ಕೈಯಲ್ಲೇ ಉಳಿದಿತ್ತು. ಬಿಡಿ ಎಂದು ಊರವರು ಹೇಳಲಿಲ್ಲ, ಬಿಡುತ್ತೇನೆಂದು ಅವರೂ ಹೇಳಲಿಲ್ಲ.

ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ದನಿ. ಆ ಊರಿನ ಸಾಲೆಗೆ ನನ್ನನ್ನು ಶಿಕ್ಷಕಿಯಾಗಿ ವರ್ಗ ಮಾಡಿದ್ದರು. ಗಂಗವ್ವ ಎಂಬ ಒಂಟಿ ಹೆಂಗಸಿನ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದೆ. ನಾನು ಮೊದಲಿನಿಂದಲೂ ಬೆಳಗಿನ ನಿದ್ದೆಯವಳು. ಸೂರ್ಯ ಹುಟ್ಟುತ್ತಾನೆಂಬುದನ್ನು ಪುಸ್ತಕದಲ್ಲಿ ಓದಿ ನಂಬಿದವಳು. ಮೊದಲ ದಿನ ಬೆಳಗಿನ ಜಾವ ನನ್ನ ನಿದ್ದೆಯೊಳಗೆ ಯಾರೋ ಬಂದು ಕೆಮ್ಮಿದರು. ಫೂ ಫೂ ಎಂದು ಊದಿದರು. ಆಮೇಲೆ, “ಊರ ಮಂದಿಗೆ ತಿಳಿಸೂದು ಏನಂದರ,” ಎಂದು ನಿಧಾನವಾಗಿ ಶುರು ಮಾಡಿದರು. ಯಾರದೋ ಎಮ್ಮೆ ಈದಿತ್ತು. ಯಾರದೋ ಮನೆಗೆ ಮುಧೋಳದಿಂದ ಬೀಗರು ಬಂದಿದ್ದರು. ಯಾರದೋ ಕಿವಿ ಹರಿದ ಆಡು ಕಳೆದಿತ್ತು. ನಾನು ಏಳಲಿಲ್ಲ. ದನಿ ಹಾಗೇ ಕನಸಿನೊಳಗೆ ಇಳಿದುಹೋಯಿತು, ಕನಸಿನಲ್ಲಿ ಆ ಕಿವಿ ಹರಿದ ಆಡು ವಿದ್ಯಾಗಿರಿಯ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದು ನಮ್ಮವ್ವನ ಹತ್ತಿರ ಬೀಗರ ಯೋಗಕ್ಷೇಮ ವಿಚಾರಿಸುತ್ತಿತ್ತು.

ಮುಂದೆ ಅದೇ ರೂಢಿಯಾಯಿತು. ಆ ಊರಿನಲ್ಲಿದ್ದಷ್ಟು ವರ್ಷವೂ ಊರಿನ ಸುದ್ದಿಯನ್ನು ನಾನು ಅರೆನಿದ್ದೆಯಲ್ಲೇ ಕೇಳಿದೆ. ಯಾವುದು ಮೈಕಿನಲ್ಲಿ ಬಂದದ್ದು, ಯಾವುದು ನನ್ನ ಕನಸಿನದು ಎಂದು ಗಂಗವ್ವನನ್ನು ಕೇಳಿ ಖಚಿತ ಮಾಡಿಕೊಳ್ಳಬೇಕಾಗುತ್ತಿತ್ತು. “ಗಂಗವ್ವಾರ, ಹೊಳಿಯಾಗ ದೀಪ ಹಚ್ಚಿದ ದೋಣಿ ಬಂದೈತಂತ ಹೇಳಿದರೇನ್ರಿ ಇವತ್ತ?” ಎಂದರೆ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಇಲ್ರಿ ಅಕ್ಕೋರ, ಅದು ನಿಮ್ಮದು. ರೇಶನ್ನು ಬಂದೈತಂತ ಹೇಳ್ಯಾರ, ಅದು ಊರಂದು,” ಎನ್ನುತ್ತಿದ್ದಳು.

ನಾನು ಬಂದದ್ದು ಊರಿಗೆಲ್ಲ ಗೊತ್ತಿತ್ತು. ಬಸ್ಸಿನಿಂದ ಇಳಿದಾಗಲೇ ನೂರು ಕಣ್ಣು ನನ್ನ ಟ್ರಂಕಿನ ಮೇಲಿದ್ದವು. ಆದರೂ ಮೊದಲ ವಾರ ಯಾವ ಹೆಂಗಸೂ ನನ್ನನ್ನು ಮಾತಾಡಿಸಲಿಲ್ಲ. ನೋಡುತ್ತಿದ್ದರು, ಸೆರಗು ಸರಿ ಮಾಡಿಕೊಂಡು ಹೋಗುತ್ತಿದ್ದರು. ಹಳ್ಳಿಯ ಜನ ಬಲು ಬಿಗುಮಾನದವರೆಂದು ಅಂದುಕೊಂಡು, ನಾನೂ ಮುಖ ಬಿಗಿದುಕೊಂಡು ಓಡಾಡಿದೆ. ಒಂದು ಸಂಜೆ ಗಂಗವ್ವನೇ ಕನಿಕರಪಟ್ಟಳು.

“ನೀವು ಬಂದದ್ದು ಇನ್ನಾ ಮೈಕಿನ್ಯಾಗ ಬಂದಿಲ್ರಿ ಅಕ್ಕೋರ. ಹೋಗಿ ಕಾಕಾಗ ಹೇಳಿ ಬರ್ರಿ.”

“ನೀವ ಹೇಳಬಾರದೇನ್ರಿ? ದಿನಾ ನೋಡ್ತೀರಲ್ಲ ಅವರನ್ನ.”

“ನಾ ಹೇಳಿದರ ನಡಿಯೂದಿಲ್ರಿ. ಯಾರ ಮನಿ ಸುದ್ದಿ ಐತಿ, ಆ ಮನಿಯವರ ಹೋಗಿ ಹೇಳಬೇಕು. ಹೇಳಿಲ್ಲಂದ್ರ, ಗೊತ್ತಿದ್ದರೂ ನಮಗ ಗೊತ್ತಿಲ್ಲದಂಗ.”

ಗುಡಿಯ ಕಟ್ಟೆಯ ಮೇಲೆ ಕಾಕಾ ಜ್ಯೇಷ್ಠಮಧುವಿನ ಕಡ್ಡಿ ಕಡಿಯುತ್ತ ಕೂತಿದ್ದರು. ತೆಳ್ಳಗಿನ ಉದ್ದನೆಯ ಆಸಾಮಿ, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅಂಥ ಕಡ್ಡಿಯಂಥ ಮೈಯಿಂದ ಅಂಥ ದನಿ ಹೇಗೆ ಹೊರಡುತ್ತದೆಂದು ನೋಡುತ್ತ ನಿಂತೆ. “ಬರ್ರಿ ಅಕ್ಕೋರ,” ಎಂದರು. “ನೀವು ಯಾವತ್ತ ಬರ್ತೀರಿ ಅಂತ ಹಾದಿ ನೋಡಾಕತ್ತಿದ್ದೆ.”

“ನಾ ಬಂದದ್ದು ನಿಮಗ ಗೊತ್ತಿತ್ತಲ್ರಿ ಕಾಕಾರ?”

“ಗೊತ್ತಿತ್ತ್ರಿ. ನನಗ ಗೊತ್ತಿರೂದು ಬ್ಯಾರೆ, ನೀವು ಬಂದು ಹೇಳೂದು ಬ್ಯಾರೆ.”

ಆಮೇಲೆ ಅವರ ವಿಚಾರಣೆ ನಡೆಯಿತು. ತವರು ಯಾವುದು, ಮನೆಯಲ್ಲಿ ಯಾರ್ಯಾರು, ಏನು ಕಲಿಸುತ್ತೀರಿ, ಖಾರ ಎಷ್ಟು ಉಣ್ಣುತ್ತೀರಿ. ಕೊನೆಯ ಪ್ರಶ್ನೆ ಯಾಕೆಂದು ನನಗೆ ತಿಳಿಯಲಿಲ್ಲ. ಮರುದಿನ ಬೆಳಗಿನ ಜಾವ ನನ್ನ ಕನಸಿನೊಳಗೆ ನನ್ನದೇ ಹೆಸರು ಬಂದು ಬಡಿಯಿತು. ಬಾಗಲಕೋಟಿಯ ಅಕ್ಕೋರು ನಮ್ಮೂರ ಸಾಲಿಗೆ ಬಂದಾರ, ಗಂಗವ್ವನ ಮನ್ಯಾಗ ಅದಾರ, ಕನ್ನಡ ಕಲಿಸ್ತಾರ, ಖಾರ ಕಡಿಮಿ ಉಣ್ತಾರ. ಆ ಸಂಜೆ ಕತ್ತಲಾಗುವುದರೊಳಗೆ ನನ್ನ ಖೋಲಿಯ ತುಂಬ ಹೆಂಗಸರು. ಒಬ್ಬಳು ಸಜ್ಜಿ ರೊಟ್ಟಿ ತಂದಿದ್ದಳು, ಒಬ್ಬಳು ಕಾಳಿನ ಪಲ್ಯ, ಒಬ್ಬಳು ಶೇಂಗಾದ ಹಿಂಡಿ. ಎಲ್ಲರೂ ಇಡುವಾಗ, “ಖಾರ ಕಡಿಮಿ ಹಾಕೀನ್ರಿ,” ಎಂದೇ ಇಟ್ಟರು. ಅದನ್ನು ಉಂಡು ನಾನು ಎರಡು ತಂಬಿಗೆ ನೀರು ಕುಡಿದೆ.

ಕಾಕಾ ಸುದ್ದಿ ಹೇಳುವುದಕ್ಕೆ ಒಂದು ಕ್ರಮವಿತ್ತು. ಯಾರಾದರೂ ತೀರಿಕೊಂಡಿದ್ದರೆ ಮೊದಲು ಅದು. ಬೆಳಗಾಗುತ್ತಲೇ ಸಾವಿನ ಸುದ್ದಿ ಯಾಕೆ, ಕೊನೆಗೆ ಹೇಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. “ಹ್ವಾದವರು ಮೊದಲ್ರಿ. ಅವರಿಗೆ ಅವಸರ ಇರತೈತಿ. ಇದ್ದವರದೇನು, ತಡೀತಾರ,” ಎಂದರು. ಸಾವಿನ ಸುದ್ದಿ ಹೇಳಿ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಮೈಕು ಬಂದ್ ಮಾಡುತ್ತಿರಲಿಲ್ಲ. ಆಗ ಗುಡಿಯ ಬೇವಿನ ಮರದ ಗುಬ್ಬಿಗಳು ಇಡೀ ಊರಿಗೆ ಕೇಳಿಸುತ್ತಿದ್ದವು. ಆಮೇಲೆ ಹುಟ್ಟಿದವರು, ಊರಿಗೆ ಬಂದವರು, ಕಳೆದ ದನಕರು, ಬಸ್ಸು, ನೀರು.

ಹತ್ತನೆಯ ಇಯತ್ತೆಯ ರಿಸಲ್ಟು ಬಂದಾಗ ಪಾಸಾದವರ ಹೆಸರನ್ನು ಅಪ್ಪ ಅವ್ವಂದಿರ ಹೆಸರು ಸಮೇತ ಹೇಳುತ್ತಿದ್ದರು. ಫೇಲಾದವರ ಸುದ್ದಿ ಎತ್ತುತ್ತಿರಲಿಲ್ಲ. ಒಂದು ವರ್ಷ ಫೇಲಾದ ಹುಡುಗಿಯೊಬ್ಬಳು ತಾನೇ ಗುಡಿಗೆ ಹೋಗಿ, ನನ್ನದೂ ಹೇಳ್ರಿ ಕಾಕಾ ಎಂದು ಹಟ ಹಿಡಿದಳು. ಮರುದಿನ ಮೈಕಿನಲ್ಲಿ ಬಂತು: ಇಂಥವರ ಮಗಳು ಇಂಥಾಕಿ ಮತ್ತ ಪರೀಕ್ಷಾಕ್ಕ ಕುಂದರತಾಳ, ಆಕಿ ಓದೂ ಹೊತ್ತಿನ್ಯಾಗ ಯಾರೂ ಟೀವಿ ದೊಡ್ಡದು ಮಾಡಬಾರದು. ಆ ಓಣಿಯ ಜನ ಆ ಬೇಸಿಗೆಯನ್ನೆಲ್ಲ ಟೀವಿಯನ್ನು ಬರೀ ನೋಡಿ ಕಳೆದರು.

ಮಂದಿಯ ಜಗಳಕ್ಕೂ ಅವರ ಹತ್ತಿರ ಒಂದು ಉಪಾಯವಿತ್ತು. ಒಬ್ಬ ರೈತ, ಪಕ್ಕದವನ ಎತ್ತು ತನ್ನ ಹೊಲ ಮೇಯ್ದಿದೆ, ಅವನ ಹೆಸರು ಹಿಡಿದು ಮೈಕಿನಲ್ಲಿ ಹೇಳಬೇಕು ಎಂದು ಸಿಟ್ಟಿನಿಂದ ಬಂದನಂತೆ. ಮನೆಯವನೇ ಬಂದು ಹೇಳಿದ್ದರಿಂದ ಇಲ್ಲವೆನ್ನುವ ಹಾಗಿರಲಿಲ್ಲ. ಕಾಕಾ ಹೇಳಿದ್ದು ಇಷ್ಟು: “ಯಾರದೋ ಎತ್ತು ಯಾರದೋ ಹೊಲದಾಗ ಜ್ವಾಳ ಮೇಯ್ದೈತಿ. ಎತ್ತಿಗೆ ಬದು ಗೊತ್ತಾಗೂದಿಲ್ಲ. ಗೊತ್ತಾಗೂ ಮಂದಿ ಇಬ್ಬರೂ ಕೂತು ಚಾ ಕುಡೀರಿ.” ಇಬ್ಬರೂ ಚಹಾ ಕುಡಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಊರು ಮಾತ್ರ ಅವತ್ತು ಚಹಾದಂಗಡಿಯಲ್ಲಿ ಆ ಮಾತನ್ನೇ ಹೇಳಿಕೊಂಡು ನಕ್ಕಿತು.

ಮೈಕಿನಲ್ಲಿ ಅಷ್ಟು ದನಿಯಿದ್ದ ಮನುಷ್ಯ ಮನೆಯಲ್ಲಿ ಮೂಕ. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದ ಗುಂಡು ಮುಖದ ಹೆಂಗಸು, ಇದನ್ನು ನಗುತ್ತ ಹೇಳುತ್ತಿದ್ದರು. “ಇದ್ದಬದ್ದ ಮಾತೆಲ್ಲಾ ಗುಡ್ಯಾಗ ಚೆಲ್ಲಿ ಬರ್ತಾರ್ರಿ. ಮನ್ಯಾಗ ಉಪ್ಪು ಬೇಕಂದ್ರ ಕೈ ಮಾಡಿ ತೋರಸ್ತಾರ.” ಅವರ ಮನೆಯಲ್ಲಿ ಮಾತಾಡುತ್ತಿದ್ದವಳು ಮಗಳು ಶೈಲಾ ಒಬ್ಬಳೇ. ಒಬ್ಬಳೇ ಮಗಳು. ಇಳಕಲ್ಲಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದಳು. ಅಪ್ಪನ ದನಿಯನ್ನೇ ಪಡೆದಿದ್ದಳು. ಬಸ್ಸಿನಿಂದ ಇಳಿಯುವ ಮೊದಲೇ, ಅವಳು ಬಂದದ್ದು ಅವರವ್ವನಿಗೆ ಅಡುಗೆಮನೆಯಲ್ಲಿ ತಿಳಿಯುತ್ತಿತ್ತು.

ಆ ಶೈಲಾ ಒಂದು ದಿನ ಕಾಲೇಜಿಗೆ ಹೋದವಳು ಅಲ್ಲೇ ಮದುವೆಯಾಗಿ ಉಳಿದಳು. ಹುಡುಗ ನೇಕಾರರ ಮನೆಯವನು, ಜಾತಿ ಬೇರೆ. ಒಳ್ಳೆಯವನೆಂದು ಆಮೇಲೆ ಎಲ್ಲರೂ ಹೇಳಿದರು. ಕಾಕಾ ಮೈಕು ಬಂದ್ ಮಾಡಿ ಮನೆ ಹಿಡಿದರು. ಬೆಳಗಿನ ಜಾವದ ನನ್ನ ನಿದ್ದೆ ಬರಿದಾಯಿತು. ಕನಸೂ ಬೀಳಲಿಲ್ಲ, ಎಚ್ಚರವೂ ಸರಿಯಾಗಿ ಆಗಲಿಲ್ಲ. ಊರವರು ನೀರು ಬಂದದ್ದು ತಿಳಿಯದೆ ಕೊಡ ಹಿಡಿದು ನಲ್ಲಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು.

ಕೆಲವು ದಿನಗಳಾದ ಮೇಲೆ ಕೆಮ್ಮು ಮತ್ತೆ ಕೇಳಿಸಿತು, ಸುದ್ದಿ ಮತ್ತೆ ಶುರುವಾಯಿತು. ಮೊದಲಿನ ಹಾಗೇ ಎಲ್ಲವೂ ಇತ್ತು. ಬಸ್ಸುಗಳ ಹೊತ್ತು ಹೇಳುವಾಗ ಮಾತ್ರ ಹುನಗುಂದದ್ದು ಹೇಳುತ್ತಿದ್ದರು, ಬಾಗಲಕೋಟೆಯದು ಹೇಳುತ್ತಿದ್ದರು, ಇಳಕಲ್ಲಿನದು ಬಿಟ್ಟುಬಿಡುತ್ತಿದ್ದರು. ಇಳಕಲ್ಲಿಗೆ ಹೋಗುವವರು ಒಬ್ಬರನ್ನೊಬ್ಬರು ಪಿಸುದನಿಯಲ್ಲಿ ಕೇಳಿಕೊಂಡು ಹೋಗುತ್ತಿದ್ದರು.

ಒಮ್ಮೆ ಸಂಜೆ ಸಾಲೆಯ ಬೇಲಿಯ ಹತ್ತಿರ ಸಿಕ್ಕರು. ನಾನು ಕೇಳಿರಲಿಲ್ಲ, ಅವರೇ ಶುರು ಮಾಡಿದರು. “ಜಾತಿ ಬ್ಯಾರೆ ಅಂತ ಸಿಟ್ಟ ಬಂತ್ರಿ ಅಕ್ಕೋರ, ಖರೆ. ಅದು ಇವತ್ತಿಲ್ಲ ನಾಳಿ ಹೋಗತೈತಿ. ಆದರ ಚಾದಂಗಡಿಯವಗ ಗೊತ್ತಿತ್ತು, ಬಸ್ಸಿನ ಕಂಡಕ್ಟರಗ ಗೊತ್ತಿತ್ತು, ಇಡೀ ಊರಿಗೆ ಗೊತ್ತಿತ್ತು. ಎಲ್ಲಾರ ಮನಿ ಸುದ್ದಿ ನನಗ ಬರತೈತಿ. ನನ್ನ ಮನಿ ಸುದ್ದಿ ನನಗ ಯಾರೂ ಬಂದು ಹೇಳಲಿಲ್ಲ. ಆಕೀನೂ ಹೇಳಲಿಲ್ಲ.”

ದೀಪದ ಬುಡಕ್ಕೆ ಕತ್ತಲು ಎನ್ನುತ್ತಾರಲ್ಲ, ಅದು ನೆನಪಾಯಿತು. ಅವರ ಬಗ್ಗೆ ಬಹಳ ಮರುಕವಾಯಿತು, ಶೈಲಾಳ ಬಗ್ಗೆಯೂ ಆಯಿತು. ಆ ಅಪ್ಪನ ಎದುರು ನಿಂತು ಈ ಸುದ್ದಿ ಹೇಳಲು ಆ ಹುಡುಗಿಗೆ ಎಲ್ಲಿಂದ ದನಿ ಬರಬೇಕು?

ಅದಾದ ಮುಂದಿನ ವರ್ಷ ಶೈಲಾಗೆ ಹೆಣ್ಣು ಕೂಸು ಹುಟ್ಟಿತು. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕಾದದ್ದು. ಅವಳಿಗೆ ಬಾ ಎಂದು ಕರೆ ಹೋಗಿರಲಿಲ್ಲ, ಗಂಡನ ಮನೆಯವರೇ ಬಾಣಂತನ ಮಾಡುತ್ತಿದ್ದರು. ಸುದ್ದಿ ಹುಟ್ಟಿದ ದಿನವೇ ಊರಿನ ಫೋನುಗಳಿಗೆಲ್ಲ ಬಂತು. ಕೂಸಿನ ಫೋಟೋವನ್ನು ಹೆಂಗಸರು ಸೆರಗಿನ ಮರೆಯಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಂಡರು. ಗಂಗವ್ವ ಹಳೆಯ ಇಳಕಲ್ ಸೀರೆಗಳನ್ನು ಬಿಚ್ಚಿ ಒಂದು ಸಣ್ಣ ಕೌದಿ ಹೊಲಿಯಲು ಕೂತಳು. ಪಕ್ಕದ ಮನೆಯಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿಯ ವಾಸನೆ ಬಂತು. ಎಲ್ಲ ತಯಾರಾಗಿ ಡಬ್ಬಿಗಳಲ್ಲಿ ಕೂತಿತು, ಯಾರೂ ಹೊರಡಲಿಲ್ಲ. ಮೈಕಿನಲ್ಲಿ ಬಾರದ ಕೂಸನ್ನು ನೋಡಲು ಹೋಗುವುದು ಹೇಗೆ? ಹೋದರೆ ಕಾಕಾನ ಮನೆಯ ಮಾತನ್ನು ಕಾಕಾನ ಬೆನ್ನ ಹಿಂದೆ ಆಡಿದಂತಾಗುತ್ತಿತ್ತು.

ಕಾಕು ನಗುವುದನ್ನು ಬಿಟ್ಟರು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬರುತ್ತಿತ್ತು. ಅವತ್ತು ತವರಿನಿಂದ ಯಾರೂ ಬಾರದಿದ್ದರೆ, ಬೀಗರ ಮನೆಯ ಹತ್ತು ಜನರ ನಡುವೆ ಮಗಳು ತಲೆ ತಗ್ಗಿಸಿ ಕೂರಬೇಕು. ನಾನು ಬಾಗಲಕೋಟೆಯ ಬುದ್ಧಿ ಉಪಯೋಗಿಸಿ ಒಂದು ಸಲಹೆ ಕೊಟ್ಟೆ. “ಕಾಕು, ನಾ ಶನಿವಾರ ಇಳಕಲ್ಲಿಗೆ ಹೋಗ್ತೇನಿ. ಸುಮ್ಮನ ನನ್ನ ಜೋಡಿ ಬರ್ರಿ. ನೋಡಿಕೊಂಡು ಸಂಜಿಗೆ ಬರೂಣು, ಯಾರಿಗೂ ಗೊತ್ತಾಗೂದಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. “ಯಾರಿಗೂ ಗೊತ್ತಾಗಲಾರದಂಗ ನೋಡಿ ಬರಾಕ ಅದೇನು ಕಳುವಿನ ಕೂಸೇನ್ರಿ?” ಎಂದರು. ಎದ್ದು ಹೋಗಿ ದನಕ್ಕೆ ಮೇವು ಹಾಕಿದರು.

ತೊಟ್ಟಿಲಿಗೆ ಇನ್ನು ಎರಡೇ ದಿನ ಉಳಿದ ಬೆಳಗು ಅದು. ನಾನು ಎಂದಿನಂತೆ ಅರೆನಿದ್ದೆಯಲ್ಲಿದ್ದೆ. ಕೆಮ್ಮು ಬಂತು, ಫೂ ಫೂ ಬಂತು. “ಊರ ಮಂದಿಗೆ ತಿಳಿಸೂದು,” ಎಂಬಲ್ಲಿಗೆ ದನಿ ನಿಂತಿತು. ಆ ಜಾಗದಲ್ಲಿ ಒಂದು ಹೆಂಗಸಿನ ದನಿ, ಸ್ವಲ್ಪ ದೂರದಿಂದ, ಗುಡಿಯ ಹೊಸ್ತಿಲ ಆಚೆಯಿಂದ ಬಂದ ಹಾಗೆ ಕೇಳಿಸಿತು.

“ತಡೀರಿ. ನಮ್ಮ ಮನಿದೊಂದು ಸುದ್ದಿ ಐತಿ, ಹೇಳಾಕ ಬಂದೀನಿ.”

ಕಾಕು. ಕನಸೆಂದೇ ಅಂದುಕೊಂಡೆ. ಪಕ್ಕದ ಖೋಲಿಯಲ್ಲಿ ಗಂಗವ್ವನ ಬಳೆ ಸಪ್ಪಳವಾಯಿತು, ಆಕೆಯೂ ಎದ್ದು ಕೂತಿದ್ದಳು. ಮೈಕು ಚಾಲೂ ಇತ್ತು. ಗುಬ್ಬಿಗಳ ಗದ್ದಲ ಬಿಟ್ಟರೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕಾಕಾನ ದನಿ ಬಂತು.

“ಹೇಳ್ರಿ.”

ಹೆಂಡತಿಗೆ “ಹೇಳ್ರಿ” ಎಂದರು. ಎಷ್ಟೋ ವರ್ಷ ಸಂಸಾರ ಮಾಡಿದ ಹೆಂಗಸನ್ನು, ಗುಡಿಯ ಬಾಗಿಲಿಗೆ ಬಂದ ಎಲ್ಲರ ಹಾಗೆ, ಒಂದು ಮನೆಯ ಯಜಮಾನಿಯನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು.

“ನಮ್ಮ ಶೈಲಾಗ ಹೆಣ್ಣು ಕೂಸು ಹುಟ್ಟೈತ್ರಿ. ಇಳಕಲ್ಲಾಗ, ಗಂಡನ ಮನ್ಯಾಗ. ನಾಡದ ತೊಟ್ಟಿಲಕ್ಕ ಹಾಕ್ತಾರ.”

“ತಾಯಿ ಆರಾಮ ಅದಾಳೇನ್ರಿ?”

“ಅದಾಳಂತ.”

“ನೋಡಿ ಬಂದೀರೇನ್ರಿ?” ಇದು ಅವರು ಎಲ್ಲರನ್ನೂ ಕೇಳುವ ಪ್ರಶ್ನೆ. ಕೂಸು ಹುಟ್ಟಿದ ಸುದ್ದಿ ತಂದವರನ್ನು ಈ ಎರಡು ಮಾತು ಕೇಳದೆ ಕಳಿಸಿದವರಲ್ಲ.

“ನೋಡಿಲ್ಲ. ನೋಡಾಕ ಹೋಗಬೇಕಂತ ಹೇಳಾಕ ಬಂದೀನಿ.”

ಇಡೀ ಊರು ಹಾಸಿಗೆಯಲ್ಲಿ ಎದ್ದು ಕೂತು ಉಸಿರು ಹಿಡಿದಿತ್ತೆಂದು ಆಮೇಲೆ ತಿಳಿಯಿತು. ಹಾಲು ಹಿಂಡುತ್ತಿದ್ದವರು ಕೆಚ್ಚಲಿನ ಮೇಲೆ ಕೈ ನಿಲ್ಲಿಸಿದ್ದರಂತೆ. ಆ ಬೆಳಗು ಎಷ್ಟು ಹೊತ್ತು ಹಾಗೆ ನಿಂತಿತ್ತೋ ಹೇಳಲಾರೆ. ನನಗಂತೂ ಹೊಳೆ, ಊರು, ಬೇವಿನ ಮರ ಎಲ್ಲವೂ ಒಂದು ದೊಡ್ಡ ನಿದ್ದೆಯ ಅಂಚಿಗೆ ಬಂದು ಕೂತ ಹಾಗಿತ್ತು. ಅವರು ಮೈಕಿನ ಗುಂಡಿ ಒತ್ತಿ ಎದ್ದು ಹೋಗಬಹುದಿತ್ತು. ಹೇಳುವುದಿಲ್ಲ ಎನ್ನಲೂಬಹುದಿತ್ತು. ಆದರೆ ಮನೆಯವರೇ ಬಂದು ಹೇಳಿದ ಸುದ್ದಿಯನ್ನು ಕಾಕಾ ಯಾವತ್ತೂ ವಾಪಸು ಕಳಿಸಿದವರಲ್ಲ.

ಕೆಮ್ಮಿದರು. ಮೊದಲಿನಿಂದ ಶುರು ಮಾಡಿದರು. ತಮ್ಮ ಪೂರ್ತಿ ಹೆಸರನ್ನು, ಮನೆತನದ ಹೆಸರಿನ ಜೊತೆಗೆ, ಬೇರೆ ಯಾರದೋ ಹೆಸರಿನಂತೆ ಹೇಳಿದರು. ಇಂಥವರ ಮಗಳು ಶೈಲಾಗೆ ಹೆಣ್ಣು ಕೂಸು ಹುಟ್ಟೈತಿ. ಅಳಿಯನ ಹೆಸರು, ಅವರ ಮನೆತನದ ಹೆಸರು ಎರಡನ್ನೂ ಒಂದಕ್ಷರ ನುಂಗದೆ ಹೇಳಿದರು. ಆ ಹೆಸರುಗಳನ್ನು ಅವರ ಬಾಯಲ್ಲಿ ಊರು ಅದೇ ಮೊದಲು ಕೇಳಿದ್ದು. “ತಾಯಿ ಕೂಸು ಆರಾಮ ಅದಾರಂತ. ಯಾರೂ ನೋಡಿ ಬಂದಿಲ್ಲ. ನಾಡದ ಹೋಗವರು ಮುಂಜಾನಿ ಇಳಕಲ್ಲ ಬಸ್ಸಿಗೆ ಹೋಗ್ರಿ.” ಒಂದು ಕ್ಷಣ ಬಿಟ್ಟು, “ಅಗಸಿ ಓಣಿಗೆ ಇವತ್ತ ನೀರು ತಡಾ ಆಗತೈತಿ,” ಎಂದು ಮೈಕು ಬಂದ್ ಮಾಡಿದರು.

ಆ ಬಸ್ಸಿನಲ್ಲಿ ನಮ್ಮೂರ ಹೆಂಗಸರನ್ನು ಬಿಟ್ಟರೆ ಬೇರೆಯವರಿಗೆ ಜಾಗವಿರಲಿಲ್ಲ. ನಾನೂ ರಜೆ ಹಾಕಿ ಹೋದೆ. ಕಾಕಾ ಬರಲಿಲ್ಲ. ಬಸ್ ನಿಲ್ಲುವ ಕಟ್ಟೆಯ ತನಕ ತೊಟ್ಟಿಲ ಹಗ್ಗದ ಗಂಟು ಹೊತ್ತು ಬಂದು ಹೆಂಡತಿಯ ಕೈಗೆ ಕೊಟ್ಟರು. ಬರ್ರಿ ಕಾಕಾರ ಎಂದು ಕರೆದೆ. “ನಾ ಬಂದರ ಎಲ್ಲಾರೂ ನನ್ನ ಮಾರಿ ನೋಡಕೋತ ಕುಂದರತಾರ್ರಿ. ಕೂಸಿನ ಮಾರಿ ಯಾರು ನೋಡವರು?” ಎಂದು ಹಿಂದೆ ಸರಿದು ನಿಂತರು.

ಮುಂದಿನದೆಲ್ಲ ಚೆನ್ನಾಗಿಯೇ ಆಯಿತು. ಶೈಲಾ ಬಂದು ಹೋಗುವಂತಾದಳು, ಅಳಿಯನೂ ಬಂದ, ಆ ಕೂಸು ಬೆಳೆದು ಅಜ್ಜನ ಟೊಪ್ಪಿಗೆ ಕಿತ್ತುಕೊಂಡು ಅಂಗಳದಲ್ಲಿ ಓಡಾಡಿದ್ದನ್ನು ನಾನೂ ಕಂಡಿದ್ದೇನೆ. ಆಮೇಲೆ ನನಗೆ ಬಾಗಲಕೋಟೆಗೆ ವರ್ಗವಾಯಿತು. ಇಲ್ಲಿ ಬೆಳಗಿನ ಜಾವ ಪಕ್ಕದ ಮನೆಯ ನೀರಿನ ಮೋಟಾರು ಕೇಳಿಸುತ್ತದೆ, ಅದರಿಂದ ಯಾವ ಕನಸೂ ಹುಟ್ಟುವುದಿಲ್ಲ. ಆದರೆ ಫೋನಿನಲ್ಲಿ ಆ ಫೋಟೋ ನೋಡಿದಾಗ ನೆನಪಾದದ್ದು ಇದು ಯಾವುದೂ ಅಲ್ಲ, ತೊಟ್ಟಿಲ ದಿನದ ಸಂಜೆ.

ಇಳಕಲ್ಲಿನಿಂದ ಬಸ್ಸು ಬಂದಾಗ ಹೊತ್ತು ಇಳಿಯುತ್ತಿತ್ತು. ಸೂರ್ಯಕಾಂತಿ ಹೊಲಗಳ ಮೇಲೆ ಹಳದಿ ಬೆಳಕು ದೂಳಿನ ಹಾಗೆ ಕೂತಿತ್ತು. ಕಾಕು ಉಳಿದು ಬರುತ್ತೇನೆಂದು ಮಗಳ ಹತ್ತಿರ ಉಳಿದಿದ್ದರು. ಹೆಂಗಸರೆಲ್ಲ ಓಣಿ ಹಿಡಿದು ಹೋದರು. ನಾನು ಗುಡಿಯ ಮುಂದೆ ಹಾಯುವಾಗ ಕಾಕಾ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಟೊಪ್ಪಿಗೆ ತೆಗೆದರು, ಹಾಕಿಕೊಂಡರು.

“ಅಕ್ಕೋರ,” ಎಂದರು, “ಏನ್ರಿ ಸುದ್ದಿ?”

ಅಷ್ಟು ವರ್ಷಗಳಲ್ಲಿ ಅವರು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಹತ್ತಿರ ಹೋಗಿ ಕಟ್ಟೆಯ ಮೇಲೆ ಕೂರಬೇಕಾಯಿತು.

ಹೇಳಿದೆ. ಕೂಸು ಕೆಂಪಗಿದೆ, ತಲೆತುಂಬ ಕೂದಲು. ಮಗ್ಗವಿರುವ ಪಡಸಾಲೆಯಲ್ಲೇ ತೊಟ್ಟಿಲು ಕಟ್ಟಿದ್ದಾರೆ. ಮಗ್ಗದ ಸಪ್ಪಳ ನಡೆದಷ್ಟು ಹೊತ್ತು ಮಲಗಿರುತ್ತದೆ. ನಾವು ಬಂದೆವೆಂದು ಅಳಿಯ ಮಗ್ಗ ನಿಲ್ಲಿಸಿದ, ಅದಕ್ಕೆ ಎಚ್ಚರವಾಯಿತು. ಕಾಕು ಎತ್ತಿಕೊಂಡರು. ಶೈಲಾ ಅವ್ವನನ್ನು ಹಿಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ, ಅಪ್ಪ ಮೈಕಿನಲ್ಲಿ ಹೇಗೆ ಹೇಳಿದ ಎಂದು ಕೇಳಿದಳು. ಗಂಗವ್ವ ನಿಮ್ಮ ಹಾಗೇ ಕೆಮ್ಮಿ ಹೇಳಿ ತೋರಿಸಿದಳು. ಅದನ್ನು ಕೇಳಿ ಶೈಲಾ ನಕ್ಕಳು, ಮತ್ತೆ ಅತ್ತಳು.

ಕಾಕಾ ನೆಲ ನೋಡುತ್ತ ಕೇಳುತ್ತಿದ್ದರು. “ಆಕಿ ಆರಾಮ ಅದಾಳೇನ್ರಿ?”

“ಆರಾಮ ಅದಾಳ್ರಿ. ನಾ ನೋಡಿ ಬಂದೀನಿ.”

“ಕೂಸಿನ ದನಿ ಹೆಂಗೈತ್ರಿ?”

“ಭಾಳ ದೊಡ್ಡದೈತ್ರಿ ಕಾಕಾರ. ಅತ್ತರ ನಾಕ ಮನಿಗೆ ಕೇಳಸ್ತೈತಿ.”

ಅವರ ಭುಜ ಅಲುಗಾಡಿತು. ನಕ್ಕರೋ ಅತ್ತರೋ ಆ ಸಂಜೆಬೆಳಕಿನಲ್ಲಿ ನನಗೆ ತಿಳಿಯಲಿಲ್ಲ. ಹೇಳುವುದೆಲ್ಲ ಮುಗಿದಿತ್ತು. ಬೇವಿನ ಮರಕ್ಕೆ ಗುಬ್ಬಿಗಳು ಒಂದೊಂದಾಗಿ ಬಂದು ಸೇರುತ್ತಿದ್ದವು. ನಾನು ಚೀಲ ತೆಗೆದುಕೊಂಡು ಏಳಲು ಹೊರಟೆ.

“ಕುಂದರ್ರಿ ಅಕ್ಕೋರ,” ಎಂದು ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಇಳಕಲ್ಲಾಗ ಬಸ್ಸಿನಿಂದ ಇಳಿದ್ರಿ. ಅಲ್ಲಿಂದ ಮತ್ತೊಮ್ಮೆ ಹೇಳ್ರಿ. ಸಾವಕಾಶ ಹೇಳ್ರಿ.”